ನೆಗೆಟಿವ್ ಬದುಕೀತು, ಸ್ಲೈಡ್‌ನ ಗತಿಯೇನು?

ಕ್ಯಾಮೆರಾಕ್ಕೆ ಫಿಲ್ಮ್ ತುಂಬಿಸುವ ಕಾಲ ಮುಗಿದೇ ಹೋಯಿತೆಂದು ಬಹಳ ಮಂದಿ ಭಾವಿಸಿದ್ದಾರೆ. ಅದು ಪೂರ್ತಿ ನಿಜವಲ್ಲ. ಕಳೆದೊಂದು ದಶಕದಲ್ಲಿ ಫಿಲ್ಮ್ ಛಾಯಾಗ್ರಹಣಕ್ಕೆ, ಅದರಲ್ಲೂ ಡಿಜಿಟಲ್ ಯುಗದಲ್ಲೇ ಕಣ್ಣು ಬಿಟ್ಟ ಯುವಜನರ ನಡುವೆ, ಮತ್ತೆ ಬೇಡಿಕೆ ಹುಟ್ಟಿದೆ. ಆದರೆ ಈ ಮರುಹುಟ್ಟಿನ ಫಲ ಎಲ್ಲ ಬಗೆಯ ಫಿಲ್ಮ್‌ಗಳಿಗೂ ಸಮನಾಗಿ ದಕ್ಕಿಲ್ಲ. ವರ್ಣ ನೆಗೆಟಿವ್ ಚೇತರಿಸಿಕೊಂಡಿದೆ. ಒಂದು ಕಾಲಕ್ಕೆ ಛಾಯಾಗ್ರಾಹಕರ ಪ್ರತಿಷ್ಠೆಯ ಮಾಧ್ಯಮವಾಗಿದ್ದ ಸ್ಲೈಡ್ ಫಿಲ್ಮ್ ಮಾತ್ರ ಅಂಚಿನಲ್ಲೇ ನಿಂತಿದೆ.

ಇವೆರಡಕ್ಕೂ ಇರುವ ವ್ಯತ್ಯಾಸ ಮೂಲಭೂತವಾದದ್ದು. ನೆಗೆಟಿವ್‌ನಲ್ಲಿ ದೃಶ್ಯದ ಬೆಳಕು ಮತ್ತು ಬಣ್ಣಗಳು ತಿರುವುಮುರುವಾಗಿ ಮೂಡುತ್ತವೆ. ಅದನ್ನು ಕಾಗದಕ್ಕೆ ಇಳಿಸಿದಾಗಲೇ ಚಿತ್ರ ಸಿದ್ಧವಾಗುವುದು. ಆದ್ದರಿಂದ ತಪ್ಪು ತಿದ್ದಿಕೊಳ್ಳಲು ಎರಡನೆಯ ಅವಕಾಶವಿರುತ್ತದೆ. ಎರಡು ಸ್ಟಾಪ್‌ಗಳಷ್ಟು ಬೆಳಕು ಹೆಚ್ಚಾದರೂ ಪ್ರಿಂಟಿನಲ್ಲಿ ಸರಿದೂಗಿಸಬಹುದು. ಸ್ಲೈಡ್‌ನಲ್ಲಿ ಈ ಸೌಲಭ್ಯವಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಫಿಲ್ಮೇ ತೊಳೆದ ಬಳಿಕ ಚಿತ್ರವಾಗಿ ಹೊರಬರುತ್ತದೆ. ಅರ್ಧ ಸ್ಟಾಪ್ ಹೆಚ್ಚಾದರೆ ಬಿಳುಚಿಕೊಳ್ಳುತ್ತದೆ, ಅಷ್ಟೇ ಕಡಿಮೆಯಾದರೆ ಕತ್ತಲು ಕವಿಯುತ್ತದೆ.

ಈ ನಿಷ್ಠುರತೆಯೇ ಸ್ಲೈಡ್‌ಗೆ ಗೌರವ ತಂದುಕೊಟ್ಟಿತ್ತು. ಮೂಲದ ಬಣ್ಣ ಹೇಗಿತ್ತೆಂದು ತಿಳಿಯಲು ಬೆಳಕಿಗೆ ಹಿಡಿದು ನೋಡಿದರೆ ಸಾಕಿತ್ತು. ಅದಕ್ಕೆಂದೇ ನಿಯತಕಾಲಿಕಗಳು ಮುಖಪುಟಕ್ಕೆ ಟ್ರಾನ್ಸ್‌ಪರೆನ್ಸಿಯನ್ನೇ ಕೇಳುತ್ತಿದ್ದವು. ಛಾಯಾಚಿತ್ರ ಸ್ಪರ್ಧೆಗಳಲ್ಲಿ ಕಲರ್ ಸ್ಲೈಡ್‌ಗಳಿಗೆ ಪ್ರತ್ಯೇಕ ವಿಭಾಗವಿರುತ್ತಿತ್ತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಫಿಲ್ಮ್‌ನ ಯುಗದಲ್ಲಿ. ಮೂವತ್ತಾರು ಚಿತ್ರಗಳ ರೋಲನ್ನು ಹಾಕಿಕೊಂಡು ಹಕ್ಕಿಯೊಂದಕ್ಕಾಗಿ ದಿನಗಟ್ಟಲೆ ಕಾಯುತ್ತಿದ್ದ ಆ ತಲೆಮಾರಿಗೆ ಬೆಳಕಿನ ಲೆಕ್ಕ ತಪ್ಪುವುದು ದುಬಾರಿಯಾಗಿತ್ತು.

ಒಂದು ಫಿಲ್ಮ್ ಹೇಗೆ ಸಾಯುತ್ತದೆ ಎಂಬುದಕ್ಕೆ ಕೊಡಾಕ್ರೋಮ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. ಸಂಗೀತಗಾರರೂ ಆಗಿದ್ದ ಲಿಯೋಪೋಲ್ಡ್ ಮ್ಯಾನ್ಸ್ ಮತ್ತು ಲಿಯೋಪೋಲ್ಡ್ ಗೊಡೋವ್‌ಸ್ಕಿ ರೂಪಿಸಿದ ಈ ಸ್ಲೈಡ್ ಫಿಲ್ಮ್ 1935ರಲ್ಲಿ ಮಾರುಕಟ್ಟೆಗೆ ಬಂತು. ಸ್ಟೀವ್ ಮೆಕ್‌ಕರಿ 1984ರಲ್ಲಿ ತೆಗೆದ ಆಫ್ಘನ್ ಬಾಲೆಯ ಪ್ರಸಿದ್ಧ ಚಿತ್ರ ಮೂಡಿದ್ದು ಇದರ ಮೇಲೆಯೇ. ಆದರೆ ಕೊಡಾಕ್ರೋಮ್‌ನ ಬಣ್ಣಗಳು ಫಿಲ್ಮ್‌ನಲ್ಲಿ ಅಡಗಿರುತ್ತಿರಲಿಲ್ಲ. ತೊಳೆಯುವ ಹಂತದಲ್ಲಿ ಒಂದೊಂದಾಗಿ ಸೇರಿಸಬೇಕಾಗಿತ್ತು. ಆ ಜಟಿಲ ಕೆಲಸ ಮಾಡಬಲ್ಲ ಲ್ಯಾಬ್‌ಗಳು ಒಂದೊಂದಾಗಿ ಮುಚ್ಚಿದವು. 2009ರಲ್ಲಿ ತಯಾರಿಕೆ ನಿಂತಿತು. 2010ರ ಡಿಸೆಂಬರ್ ಕೊನೆಗೆ ಅಮೆರಿಕದ ಕಾನ್ಸಸ್ ರಾಜ್ಯದ ಪಾರ್ಸನ್ಸ್ ಪಟ್ಟಣದಲ್ಲಿದ್ದ ಕಟ್ಟಕಡೆಯ ಲ್ಯಾಬ್ ಕೂಡ ರೋಲ್‌ಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಅಂದಿನಿಂದ, ತೊಳೆಯದೆ ಉಳಿದ ಕೊಡಾಕ್ರೋಮ್ ಯಾರ ಬಳಿಯಾದರೂ ಇದ್ದರೆ ಅದರಿಂದ ಅದರ ಸಹಜ ಬಣ್ಣವನ್ನು ಹೊರತೆಗೆಯುವ ದಾರಿಯೇ ಮುಚ್ಚಿತು. ಫಿಲ್ಮ್‌ನ ಆಯಸ್ಸು ಕಾರ್ಖಾನೆಯಲ್ಲಿರುವಷ್ಟೇ ಲ್ಯಾಬಿನಲ್ಲೂ ಇರುತ್ತದೆ ಎಂಬ ಪಾಠ ಇಲ್ಲಿದೆ.

ಕೊಡಾಕ್‌ನ ಇನ್ನೊಂದು ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮ್ ಸರಳವಾದ ಇ-6 ವಿಧಾನದ್ದು. ಬೇಡಿಕೆ ಕುಸಿದು 2012ರಲ್ಲಿ ಅದೂ ನಿಂತಿತು. ಅದೇ ವರ್ಷ ಕೊಡಾಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು. 2017ರಲ್ಲಿ ಮರಳಿ ತರುವ ಘೋಷಣೆ ಹೊರಬಿದ್ದು, 2018ರಲ್ಲಿ ಎಕ್ಟಾಕ್ರೋಮ್ ಮತ್ತೆ ಅಂಗಡಿಗೆ ಬಂತು. ಫಿಲ್ಮ್ ಪ್ರಿಯರು ಸಂಭ್ರಮಿಸಿದ್ದು ಸಹಜವೇ. ಆದರೆ ಆ ನಡುವಿನ ವರ್ಷಗಳಲ್ಲೂ ಕೊಡಾಕ್‌ನ ನೆಗೆಟಿವ್ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು.

ನೆಗೆಟಿವ್‌ಗೆ ಬೆನ್ನೆಲುಬಾಗಿ ನಿಂತದ್ದು ಸಿನಿಮಾ. ಭಾರತೀಯ ಚಿತ್ರರಂಗ ಬಹುತೇಕ ಡಿಜಿಟಲ್‌ಗೆ ಹೊರಳಿದ ನಂತರವೂ ಹಾಲಿವುಡ್‌ನ ಕೆಲವು ನಿರ್ದೇಶಕರು ಫಿಲ್ಮ್ ಬಿಡಲಿಲ್ಲ. ಅವರ ಒತ್ತಾಯದ ಹಿನ್ನೆಲೆಯಲ್ಲಿ 2015ರಲ್ಲಿ ಅಲ್ಲಿನ ಪ್ರಮುಖ ಸ್ಟುಡಿಯೋಗಳು ಕೊಡಾಕ್‌ನಿಂದ ಫಿಲ್ಮ್ ಕೊಳ್ಳುವ ಒಪ್ಪಂದ ಮಾಡಿಕೊಂಡವು. 2023ರ ‘ಓಪನ್‌ಹೈಮರ್’ ಕೂಡ ಫಿಲ್ಮ್‌ನಲ್ಲೇ ಚಿತ್ರಿತವಾಯಿತು. ಸಿನಿಮಾ ಕೇಳುವುದು ಮೈಲಿಗಟ್ಟಲೆ ನೆಗೆಟಿವ್ ಫಿಲ್ಮ್. ಆ ಬೇಡಿಕೆಯಿಂದ ನಡೆಯುವ ಯಂತ್ರಗಳ ನೆರಳಿನಲ್ಲಿ ನಮ್ಮ ಕ್ಯಾಮೆರಾದ ಪುಟ್ಟ ರೋಲೂ ಬದುಕುತ್ತದೆ. ಸ್ಲೈಡ್‌ಗೆ ಇಂತಹ ಆಸರೆ ಅಪರೂಪ. ‘ಯುಫೋರಿಯಾ’ ಎಂಬ ಅಮೆರಿಕದ ಟೆಲಿವಿಷನ್ ಸರಣಿಯ 2022ರ ಕಂತುಗಳಿಗೆ ಎಕ್ಟಾಕ್ರೋಮ್ ಬಳಕೆಯಾದದ್ದು ಸುದ್ದಿಯಾಯಿತು; ಸುದ್ದಿಯಾದದ್ದೇ ಅದು ಅಪವಾದವಾಗಿದ್ದರಿಂದ.

ಹೊಸಬರ ಪ್ರವೇಶವೂ ಇದನ್ನೇ ಹೇಳುತ್ತದೆ. ಕಪ್ಪುಬಿಳುಪು ಫಿಲ್ಮ್‌ಗೆ ಹೆಸರಾದ ಇಂಗ್ಲೆಂಡಿನ ಹಾರ್ಮನ್ ಸಂಸ್ಥೆ 2023ರಲ್ಲಿ ಬಣ್ಣಕ್ಕೆ ಕೈ ಹಾಕಿದಾಗ ಆರಿಸಿಕೊಂಡದ್ದು ನೆಗೆಟಿವ್ ಅನ್ನು. ಇಟಲಿಯ ಫಿಲ್ಮ್ ಫೆರಾನಿಯಾ 2014ರಲ್ಲಿ ಸ್ಲೈಡ್ ಫಿಲ್ಮ್ ಮಾಡಿಕೊಡುವ ಭರವಸೆಯ ಮೇಲೆ ಸಾರ್ವಜನಿಕರಿಂದ ಹಣ ಸಂಗ್ರಹಿಸಿತ್ತು. 2017ರಲ್ಲಿ ಅದು ಮೊದಲು ಹೊರತಂದದ್ದು ಕಪ್ಪುಬಿಳುಪು ಫಿಲ್ಮ್. ಜಪಾನಿನ ಫ್ಯೂಜಿಫಿಲ್ಮ್‌ನ ವೆಲ್ವಿಯಾ, ಪ್ರೊವಿಯಾ ಇನ್ನೂ ಇವೆ ನಿಜ. ಆದರೆ ಅಮೆರಿಕದ ಹೊಸ ರಾಸಾಯನಿಕ ನಿಯಮದ ಕಾರಣ 2021ರಲ್ಲಿ ವೆಲ್ವಿಯಾ 100 ಆ ದೇಶದ ಮಾರುಕಟ್ಟೆಯಿಂದ ಹಿಂದೆಗೆಯಬೇಕಾಯಿತು. ಎರಡು ಪ್ರಮುಖ ಸಂಸ್ಥೆಗಳನ್ನೇ ನಂಬಿಕೊಂಡ ಮಾಧ್ಯಮ ಇಂತಹ ಒಂದೊಂದು ಪೆಟ್ಟಿಗೂ ನಡುಗುತ್ತದೆ.

ಇನ್ನು ಲ್ಯಾಬ್‌ಗಳ ಮಾತು. ನೆಗೆಟಿವ್ ತೊಳೆಯುವ ಸಿ-41 ವಿಧಾನದಲ್ಲಿ ಹಂತಗಳು ಕಡಿಮೆ, ಸಣ್ಣ ಏರುಪೇರನ್ನು ಅದು ಸಹಿಸುತ್ತದೆ. ಇ-6ರಲ್ಲಿ ದ್ರಾವಣಗಳು ಹೆಚ್ಚು. ಮೊದಲ ದ್ರಾವಣದ ಉಷ್ಣತೆಯೋ ಸಮಯವೋ ತುಸು ತಪ್ಪಿದರೆ ಚಿತ್ರ ಕೆಡುತ್ತದೆ. ದ್ರಾವಣ ಹದದಲ್ಲಿರಬೇಕಾದರೆ ರೋಲ್‌ಗಳು ನಿತ್ಯ ಬರುತ್ತಿರಬೇಕು. ರೋಲ್ ಬರದಿದ್ದರೆ ಲ್ಯಾಬ್ ನಿಲ್ಲುತ್ತದೆ, ಲ್ಯಾಬ್ ಇಲ್ಲವೆಂದು ಜನ ರೋಲ್ ಕೊಳ್ಳುವುದಿಲ್ಲ. ಸಾಧಾರಣ ನೆಗೆಟಿವ್ ರೋಲಿನ ಎರಡು ಪಟ್ಟು ಅಥವಾ ಅದಕ್ಕೂ ಮಿಗಿಲಾದ ಬೆಲೆ ಈ ವಿಷವರ್ತುಲವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಹಾಗಾದರೆ ಸ್ಲೈಡ್‌ಗಾಗಿ ಮರುಗಬೇಕೆ? ಅದು ಮಾಡುತ್ತಿದ್ದ ಕೆಲಸವನ್ನು ಡಿಜಿಟಲ್ ಕ್ಯಾಮೆರಾ ಇಂದು ಅಗ್ಗವಾಗಿ, ನಿಖರವಾಗಿ ಮಾಡುತ್ತಿದೆ. ನೆಗೆಟಿವ್‌ನ ಮೃದು ವರ್ಣಗಳನ್ನು ಅರಸಿ ಬರುವವರಿದ್ದಾರೆ. ಮುದ್ರಣಕ್ಕೆ ಸ್ಲೈಡೇ ಬೇಕೆನ್ನುವವರು ಉಳಿದಿಲ್ಲ. ಕೆಲವೇ ರಸಿಕರ ದುಬಾರಿ ಹವ್ಯಾಸವಾಗಿ ಅದು ಇನ್ನಷ್ಟು ವರ್ಷ ಬಾಳಬಹುದು. ಅಷ್ಟಕ್ಕೆ ತೃಪ್ತಿಪಡುವುದು ವಿವೇಕ.

ನಿಜವಾಗಿ ಚಿಂತಿಸಬೇಕಾದದ್ದು ಈಗಾಗಲೇ ತೆಗೆದಿಟ್ಟ ಸ್ಲೈಡ್‌ಗಳ ಬಗ್ಗೆ. ನೆಗೆಟಿವ್ ಹಾಳಾದರೂ ಅದರ ಪ್ರಿಂಟು ಯಾರದಾದರೂ ಆಲ್ಬಮ್‌ನಲ್ಲಿ ಸಿಕ್ಕೀತು. ಸ್ಲೈಡ್ ಸಾಮಾನ್ಯವಾಗಿ ಒಂದೇ ಪ್ರತಿ. ಅದು ಹೋದರೆ ಚಿತ್ರವೇ ಹೋಯಿತು. ಕೊಡಾಕ್ ತನ್ನ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆಯನ್ನು 2004ರಲ್ಲೇ ನಿಲ್ಲಿಸಿದೆ. ಕಾಲೇಜುಗಳ ಕಲಾ ಇತಿಹಾಸ ಮತ್ತು ಜೀವಶಾಸ್ತ್ರ ವಿಭಾಗಗಳಲ್ಲಿ, ಹಿರಿಯ ಛಾಯಾಗ್ರಾಹಕರ ಮನೆಗಳಲ್ಲಿ ಪೆಟ್ಟಿಗೆಗಟ್ಟಲೆ ಸ್ಲೈಡ್‌ಗಳು ಬೀರು ಸೇರಿವೆ. ಕರಾವಳಿ, ಮಲೆನಾಡುಗಳ ತೇವದಲ್ಲಿ ಅವುಗಳಿಗೆ ಬೂಷ್ಟು ಹಿಡಿಯಲು ಬಹಳ ಕಾಲ ಬೇಕಿಲ್ಲ. ಕತ್ತಲಲ್ಲಿಟ್ಟ ಕೊಡಾಕ್ರೋಮ್ ಬಣ್ಣವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಹಳೆಯ ಎಕ್ಟಾಕ್ರೋಮ್‌ಗಳು ಮಾಸುತ್ತವೆ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಸ್ಲೈಡ್‌ಗಳನ್ನು ವಿಂಗಡಿಸಿ, ಒಳ್ಳೆಯ ಸ್ಕ್ಯಾನರ್‌ನಲ್ಲಿ ಪ್ರತಿ ಮಾಡಿ, ಮೂಲವನ್ನು ತಂಪಾದ ಒಣ ಜಾಗದಲ್ಲಿ ಇಡಬೇಕು. ಯಾವ ಊರು, ಯಾವ ವರ್ಷ, ಯಾವ ಹಕ್ಕಿ ಎಂಬುದನ್ನು ತೆಗೆದವರಿಂದಲೇ ಕೇಳಿ ಬರೆದಿಡಬೇಕು. ವಿವರವಿಲ್ಲದ ಚಿತ್ರಕ್ಕೆ ದಾಖಲೆಯ ಬೆಲೆ ಕಡಿಮೆ. ಅಂದು ಬೆಳಕಿನ ಲೆಕ್ಕ ಹಾಕಿ ಕಾದು ಕುಳಿತವರಲ್ಲಿ ಅನೇಕರು ಈಗ ಇಳಿವಯಸ್ಸಿನಲ್ಲಿದ್ದಾರೆ. ಲಲಿತಕಲಾ ಅಕಾಡೆಮಿ, ಅರಣ್ಯ ಇಲಾಖೆ ಹಾಗೂ ವಿಶ್ವವಿದ್ಯಾಲಯಗಳು ಅವರಿರುವಾಗಲೇ ಈ ಹೊಣೆ ಹೊರಬೇಕು. ಹೊಸ ಸ್ಲೈಡ್ ಫಿಲ್ಮ್‌ನ ಅಳಿವು ಉಳಿವನ್ನು ಮಾರುಕಟ್ಟೆ ನಿರ್ಧರಿಸಲಿ. ಹಳೆಯ ಸ್ಲೈಡ್‌ಗಳ ಅಳಿವು ಉಳಿವು ನಮ್ಮ ಕೈಯಲ್ಲಿದೆ.