ಮಡ್ಡಿಯಲ್ಲಿ ಗಿಡ ಹಚ್ಚಬೇಕೇ?

ದೌಂಡ ಎಂದೊಡನೆ ನಮ್ಮ ಕಡೆಯ ಮಂದಿಗೆ ನೆನಪಾಗುವದು ಸ್ಟೇಶನ್ನು ಮಾತ್ರ. ರಾಯಚೂರು, ಕಲಬುರ್ಗಿ, ಸೋಲಾಪುರಗಳ ಕಡೆಯಿಂದ ಮುಂಬಯಿಗೆ ಹೊರಟವರು ನಸುಕಿನಲ್ಲಿ ಇಲ್ಲಿ ಎಚ್ಚತ್ತು, ಒಂದು ಕಪ್ಪು ಚಹಾ ಕುಡಿದು, "ಇನ್ನೇನು, ಪುಣೆ ಬಂದಂತೆಯೇ" ಎಂದು ಮತ್ತೆ ಚಾದರ ಎಳೆದುಕೊಳ್ಳುವರು. ಮನಮಾಡದ ಹಳಿ ಇಲ್ಲಿ ಬೇರೆಯಾಗುವದೆಂಬದಷ್ಟೇ ಹೊರಗಿನವರಿಗೆ ಗೊತ್ತು. ಊರ ಮಗ್ಗುಲಲ್ಲಿಯೇ ಭೀಮೆ ಹರಿಯುವಳು, ಮೋಟಾರಿನಲ್ಲಿ ಒಂದು ತಾಸು ಹೋದರೆ ಚಿಂಕಾರಗಳು ಮೇಯುವದನ್ನು ನೋಡಬಹುದು ಎಂದರೆ "ದೌಂಡದಲ್ಲಿಯೇ?" ಎಂದು ಹುಬ್ಬೇರಿಸುವರು.

ರೇಲ್ವೆಯ ನೌಕರಿ, ಮೀಸಲು ಪೋಲೀಸ ಪಡೆ, ಕುರಕುಂಭದ ಕಾರಖಾನೆಗಳು, ಒಂದಿಷ್ಟು ವ್ಯಾಪಾರ, ಇವುಗಳ ನೆವದಿಂದ ಇಲ್ಲಿ ಬಂದು ನಿಂತ ಕೆಲವು ಕನ್ನಡ ಸಂಸಾರಗಳು ನಾವು. ಸಂಕ್ರಮಣಕ್ಕೆ ಎಳ್ಳುಬೆಲ್ಲ, ರಾಜ್ಯೋತ್ಸವಕ್ಕೆ ಹಾಡು, ಭಾಷಣ. ಇವುಗಳಿಂದ ಹಿರಿಯರು ಒಂದುಗೂಡಿದರು, ಮಕ್ಕಳು ಒಂದುಗೂಡಲಿಲ್ಲ. ಭಾಷಣ ಮುಗಿಯುವವರೆಗೆ ಅವು ಕೂಡ್ರಬೇಕಲ್ಲ! ಹೀಗೆ ಹುಟ್ಟಿದ್ದು ನಮ್ಮ ತಿರುಗಾಟದ ಬಳಗ. ಇದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಆಸ್ತಿಯೆಂದರೆ ಒಂದು ಕೈಚೀಲ; ಅದರಲ್ಲಿ ಎರಡು ದುರ್ಬೀನು, ಹಕ್ಕಿಗಳ ಒಂದು ಪುಸ್ತಕ, ಇನ್ನೂರು ಪುಟದ ಒಂದು ವಹಿ. ತಿಂಗಳಿಗೊಂದು ರವಿವಾರ ಮನೆಗೊಂದು ಬುತ್ತಿ ಕಟ್ಟಿಕೊಂಡು ಹೊರಡುವದು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಯಾರ ಬುತ್ತಿಯನ್ನು ಯಾರಾದರೂ ಬಿಚ್ಚಬಹುದು. ಕಟ್ಟಿಕೊಂಡು ಹೋದ ಕಾಗದ, ಬಾಟಲಿ ತಿರುಗಿ ಮನೆಗೇ ಬರಬೇಕು.

ಆ ವಹಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ ಶಾಲೆಗೆ ಹೋಗುವವು. ಮನೆಯಲ್ಲಿ ಕನ್ನಡ ಮಾತಾಡಿದರೂ ಅಕ್ಷರ ಬಾರದು. ಕಂಡ ಹಕ್ಕಿಯ ಹೆಸರನ್ನು ಕನ್ನಡದಲ್ಲಿಯೇ ಬರೆಯಬೇಕೆಂದು ತಾಯಂದಿರು ಒಂದು ಕಟ್ಟಳೆ ಮಾಡಿದರು. ಮಗು 'ಟಿಟವಿ' ಎಂದರೆ ತಾಯಿ 'ಟಿಟ್ಟಿಭ' ಎನ್ನುವಳು; ಆ ಒತ್ತಕ್ಷರಕ್ಕಾಗಿ ಕಾಲು ತಾಸು ತಿಣುಕಾಟ. ಗೌಜಲಹಕ್ಕಿ, ನೆಲಗುಬ್ಬಿ, ರಾಜಹಂಸ ಎಂದು ಬರೆಯುತ್ತ ಬರೆಯುತ್ತ ಮೂರು ನಾಲ್ಕು ಮಕ್ಕಳಿಗೆ ಓದು ಬರಹ ಹತ್ತಿತು. ಕನ್ನಡ ವರ್ಗ ನಡೆಸಿ ಇದನ್ನು ಮಾಡಲಾಗಿರಲಿಲ್ಲ.

ಹೋದ ವರ್ಷ ಮಳೆಗಾಲದ ಮುಂಚೆ ಬಳಗದಲ್ಲಿ ಒಂದು ಚರ್ಚೆ ಎದ್ದಿತು. ಸುಮ್ಮನೆ ತಿರುಗಿ ಉಂಡು ಬರುವದಕ್ಕಿಂತ ನಿಸರ್ಗಕ್ಕೆ ಏನಾದರೂ ಸೇವೆ ಸಲ್ಲಿಸಬೇಕು ಎಂಬ ಮಾತು ಬಂತು. ಸೇವೆಯೆಂದರೆ ಎಲ್ಲರಿಗೂ ಹೊಳೆಯುವದು ಒಂದೇ: ಗಿಡ ಹಚ್ಚುವದು. ರೇಲ್ವೆಯಿಂದ ನಿವೃತ್ತರಾದ ನಮ್ಮ ಕಾಕಾ ಒಬ್ಬರು ಸುಪೆಯ ಹತ್ತಿರದ ಗಾಯರಾಣವನ್ನೂ ಗೊತ್ತು ಮಾಡಿಟ್ಟಿದ್ದರು.

"ಬೋಳ ನೆಲಾ ನೋಡಿದ್ರ ಹೊಟ್ಟಿ ಉರೀತದ. ನೂರು ಗಿಡಾ ಹಚ್ಚೋಣು. ನಾಳೆ ಮೊಮ್ಮಕ್ಕಳು ನೆಳ್ಳಾಗ ಕೂಡ್ರತಾವ," ಎಂದರು.

ಶಾಲೆಯಲ್ಲಿ ಕಲಿಸುವ ನಮ್ಮ ಅಕ್ಕಾವ್ರು ಒಬ್ಬರು, "ಖರೆ ಕಾಕಾ. ಆದ್ರ ಅಲ್ಲಿ ಮೊದಲs ಇದ್ದವ್ರು ಯಾರು, ಅವ್ರಿಗೆ ನೆಳ್ಳು ಬೇಕೋ ಬ್ಯಾಡೋ, ಅದನ್ನಿಷ್ಟು ಕೇಳಿ ಬರೂಣು," ಎಂದರು.

ಕೇಳಿ ಬರಲು ಹೋದೆವು. ಪುಣೆಯ ಹೆದ್ದಾರಿಯಲ್ಲಿ ಪಾಟಸ ದಾಟಿ ಚೌಫುಲ್ಯದಲ್ಲಿ ಎಡಕ್ಕೆ ತಿರುಗಿದರೆ ಬಾರಾಮತಿ ತಾಲೂಕಿನ ಸುಪೆ. ಅಲ್ಲಿ ಮಯೂರೇಶ್ವರ ಅಭಯಾರಣ್ಯವಿದೆ. ಹತ್ತಿರದ ಮೋರಗಾಂವದ ಗಣಪತಿಯ ಹೆಸರು ಅದಕ್ಕೆ. 1997ರಲ್ಲಿ ಘೋಷಿಸಿದ್ದು, ವಿಸ್ತಾರ ಐದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅರಣ್ಯವೆಂಬ ಹೆಸರು ಕೇಳಿ ದಾಂಡೇಲಿಯನ್ನು ನೆನೆದು ಹೋದವರಿಗೆ ನಿರಾಶೆಯಾಗುವದು. ನಮ್ಮ ವಿಜಾಪುರ, ಬಾಗಲಕೋಟೆಗಳ ಕಡೆಯ ಮಡ್ಡಿಯೇ ಇಲ್ಲಿ ಎದ್ದು ಬಂದಂತಿದೆ. ಕಲ್ಲು ಮಿಶ್ರಿತ ತೆಳು ಮಣ್ಣು, ಮೊಣಕಾಲುದ್ದದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಬೋರೆ. ಸಹ್ಯಾದ್ರಿಯ ಮಳೆಯ ನೆರಳಿನಲ್ಲಿರುವ ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಕುಸಳಿ ಹುಲ್ಲಂತೂ ಸೀರೆಯ ಅಂಚು, ಮಕ್ಕಳ ಕಾಲುಚೀಲ ಯಾವದನ್ನೂ ಬಿಡಲಿಲ್ಲ.

ಬಿಸಿಲೇರುವ ಮೊದಲು ಮೂರು ಚಿಂಕಾರ ಕಂಡವು. ಜಿಂಕೆಗಿಂತ ಸಣ್ಣ, ನೆಲದ ಬಣ್ಣದ ಪ್ರಾಣಿ. ನಿಂತರೆ ಕಾಣದು, ಬಾಲ ಅಲುಗಿದರೆ ಕಂಡೀತು. ಇದು ಬಹಳ ದಿನ ನೀರು ಕುಡಿಯದೆ ಇರಬಲ್ಲದು. ಎಲೆ, ಹುಲ್ಲು, ಇಬ್ಬನಿಗಳ ತೇವವೇ ಸಾಕು. ಇದರ ರಕ್ಷಣೆ ಇರುವದು ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ: ತೋಳವನ್ನು ದೂರದಿಂದ ನೋಡಬೇಕು, ನೋಡಿ ಓಡಬೇಕು. ಒತ್ತಾಗಿ ಗಿಡ ಬೆಳೆದರೆ ಎರಡೂ ಆಗದು. ನೆಲದ ಮೇಲೆಯೇ ತತ್ತಿಯಿಡುವ ನೆಲಗುಬ್ಬಿ, ಟಿಟ್ಟಿಭಗಳಿಗೂ ಬಯಲೇ ಬೇಕು. ನೆರಳು ಬಿದ್ದಲ್ಲಿ ಈ ಹುಲ್ಲು ಬದುಕುವದಿಲ್ಲ. ಬಿಸಿಲೇ ಅದರ ಅನ್ನ.

ಬೇಲಿಯಾಚೆಯ ಗಾಯರಾಣದಲ್ಲಿ ಕುರಿ ಬಿಟ್ಟುಕೊಂಡು ನಿಂತ ಧನಗರ ಅಜ್ಜನನ್ನು ಕಾಕಾ ತಾವೇ ಮಾತಾಡಿಸಿದರು. ಗಿಡದ ಮಾತು ಕೇಳಿ ಅಜ್ಜ ನಕ್ಕ. "ಗಿಡ ಹಚ್ಚುವಿರಿ, ಆಮೇಲೆ ಬೇಲಿ ಹಾಕುವಿರಿ. ನನ್ನ ಕುರಿ ಎಲ್ಲಿ ಹೋಗಬೇಕು?" ಎಂದು ಮರಾಠಿಯಲ್ಲಿ ಕೇಳಿದ. ಇವರು ದೀಪಾವಳಿಯ ನಂತರ ಕೊಂಕಣಕ್ಕಿಳಿದು ಮಳೆಗಾಲಕ್ಕೆ ತಿರುಗಿ ಬರುವ ಮಂದಿ. ದಾರಿಯಲ್ಲಿ ರೈತರ ಹೊಲಗಳಲ್ಲಿ ಕುರಿ ಕೂಡ್ರಿಸಿ ಗೊಬ್ಬರ ಕೊಟ್ಟು ಕಾಳು ಪಡೆಯುವವರು. ಅವನ ದೇವರು ಜೇಜುರಿಯ ಖಂಡೋಬಾ, ನಮ್ಮ ಮೈಲಾರಲಿಂಗನೇ. ಆ ದೇವರ ಎರಡನೆಯ ಹೆಂಡತಿ ಬಾಣಾಯಿ ಧನಗರರ ಮಗಳೆಂದು ಇಲ್ಲಿಯ ಕತೆ. ಮೈಲಾರನ ಹೆಸರು ಬಂದಮೇಲೆ ಕಾಕಾ ಮತ್ತು ಅಜ್ಜ ಗಿಡವನ್ನು ಮರೆತು ಅರ್ಧ ತಾಸು ಭಂಡಾರದ ಮಾತಾಡಿದರು.

ಈ ಬಯಲು ಹಿಂದೊಮ್ಮೆ ದಟ್ಟ ಕಾಡಾಗಿತ್ತು, ಕಡಿದು ಕಡಿದು ಹೀಗಾಯಿತು ಎಂದು ನಂಬಿದವರು ಬಹಳ. ಪಾಳುಭೂಮಿಗಳ ಸರಕಾರೀ ನಕಾಶೆಯಲ್ಲಿಯೂ ಇಂಥ ನೆಲ ಸೇರಿಕೊಂಡಿದೆ. ಆದರೆ 13ನೆಯ ಶತಮಾನದಿಂದೀಚೆಗಿನ ಮರಾಠಿ ಸಾಹಿತ್ಯ, ಜನಪದ ಹಾಡುಗಳಲ್ಲಿ ಬರುವ ಗಿಡಗಂಟಿಗಳ ಹೆಸರನ್ನು ಶೋಧಿಸಿ 2025ರಲ್ಲಿ ಇಬ್ಬರು ಸಂಶೋಧಕರು ಪ್ರಕಟಿಸಿದ ಅಭ್ಯಾಸವು ಬೇರೆಯೇ ಮಾತು ಹೇಳುವದು: ಪಶ್ಚಿಮ ಮಹಾರಾಷ್ಟ್ರದ ಈ ಸೀಮೆ ಏಳುನೂರು ವರ್ಷಗಳ ಹಿಂದೆಯೂ ಹುಲ್ಲು, ಮುಳ್ಳುಗಿಡಗಳ ಬಯಲೇ ಆಗಿತ್ತು. ಸಂತರು ಹಾಡಿದ್ದು ಸಸ್ಯಶಾಸ್ತ್ರಕ್ಕೆ ಸಾಕ್ಷಿಯಾದದ್ದು ನಮಗೆ ಬಹಳ ಹಿಡಿಸಿತು.

ನಮ್ಮ ನಾಡಿನಲ್ಲಿಯೂ ಇದರ ಪಾಠವಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದು, 119 ಚದರ ಕಿಲೋಮೀಟರು. ಅಲ್ಲಿಯ ಹುಲ್ಲುಮಾಳದ ಬಹುಭಾಗ ನೀಲಗಿರಿ ನೆಡುತೋಪಾಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಎರೆಭೂತ ಎಂದು ನಮ್ಮ ರೈತರು ಕರೆಯುವ, ಮರಾಠಿಗರ ಮಾಳಢೋಕ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಬೇಟೆ, ಒಕ್ಕಲುತನದ ಒತ್ತಡ ಇವೂ ಕಾರಣ. ನೀಲಗಿರಿಯೊಂದರ ಮೇಲೆ ಎಲ್ಲವನ್ನೂ ಹೊರಿಸಲಾಗದು. ಆದರೆ ಬಯಲಿನ ಹಕ್ಕಿಗೆ ಬಯಲೇ ಇಲ್ಲದಾದರೆ ಅದು ಹೋಗುವದಾದರೂ ಎಲ್ಲಿಗೆ? ಈಗ ಕರ್ನಾಟಕದಲ್ಲಿ ಅದು ಉಳಿದಿದ್ದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ, ಬೆರಳೆಣಿಕೆಯಷ್ಟು. ಇತ್ತೀಚೆಗೆ ಒಳ್ಳೆಯ ಸುದ್ದಿಯೂ ಉಂಟು: ಬೀಳಗಿ, ಮುಧೋಳಗಳ ನಡುವಿನ ಯಡಹಳ್ಳಿಯನ್ನು 2016ರಲ್ಲಿ, ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣವನ್ನು 2019ರಲ್ಲಿ ಚಿಂಕಾರಕ್ಕಾಗಿಯೇ ಅಭಯಾರಣ್ಯವೆಂದು ಸಾರಲಾಯಿತು.

ಗಿಡದ ಮಾತು ಹೀಗಾದರೆ ನೀರಿನದು ಇನ್ನೂ ವಿಚಿತ್ರ. ಇದು ನಮ್ಮ ಪುಣೆ ಜಿಲ್ಲೆಯಿಂದಲೇ ಕಾವೇರಿಯವರೆಗೆ ಹೋದ ಕತೆ. ಗಾಳ ಹಾಕುವ ಹವ್ಯಾಸಿಗಳ ಕೂಟಗಳು ಕರ್ನಾಟಕದಲ್ಲಿ ಹಳೆಯವು. ಕಾವೇರಿಯ ದಂಡೆಯ ಜನ ಬಿಳಿಮೀನು ಎನ್ನುವ ಮಹಸೀರ ಅವರ ಆರಾಧ್ಯದೈವ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತಂತೆ. ಮುಂದೆ ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಕೊಲ್ಲುವದು ಹೆಚ್ಚಾದಾಗ ಈ ಕೂಟಗಳೇ ಕಾವಲಿಗೆ ನಿಂತವು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ, 1979ರ ಕೊಡಗು ವನ್ಯಜೀವಿ ಸಂಘ ಇವು ಸರಕಾರದಿಂದ ಹೊಳೆಯ ಭಾಗಗಳನ್ನು ಗುತ್ತಿಗೆ ಹಿಡಿದು, ಸ್ಥಳೀಯರನ್ನೇ ಕಾವಲುಗಾರರನ್ನಾಗಿ ನೇಮಿಸಿ, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ತಂದವು. ಬರೀ ಆಟಕ್ಕೆ ಕೂಡಿದವರು ಹೊಳೆ ಕಾಯ್ದರೆಂಬದು ಸಣ್ಣ ಮಾತಲ್ಲ.

ಇನ್ನೊಂದು ಕಡೆ, ಲೋಣಾವಳ್ಯದ ಟಾಟಾ ವಿದ್ಯುತ್ ಕಂಪನಿಯ ಕೆರೆಗಳಲ್ಲಿ ನೀಲಿ ರೆಕ್ಕೆಯ ಮಹಸೀರನ ಮರಿ ಮಾಡಿಸುವ ಕೆಲಸ 1970ರ ದಶಕದಿಂದ ನಡೆದಿತ್ತು. ಮೀನು ಕಡಿಮೆಯಾಯಿತೆಂದು ಆ ಜಾತಿಯ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಕಾವೇರಿಗೆ ತನ್ನದೇ ಆದ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಸೀರ ಇತ್ತು. ಗಾಳಿಬೋರೆಯ ಮೀನುಗಾರಿಕೆ ಶಿಬಿರದಲ್ಲಿ 1998ರಿಂದ 2012ರ ವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ತೆಗೆದು ನೋಡಿದರು. ಒಟ್ಟು ಮೀನು ಹೆಚ್ಚಿತ್ತು. ಗೂನುಬೆನ್ನಿನದು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿದು ಅಪರೂಪವಾಗಿತ್ತು. 2018ರಲ್ಲಿ ಅದನ್ನು ಅಳಿವಿನ ಅಂಚಿನ ಅತಿ ಗಂಭೀರ ವರ್ಗಕ್ಕೆ ಸೇರಿಸಿದರು. ಹೊರಗಿನ ಮೀನನ್ನು ತಂದುಬಿಟ್ಟದ್ದು ಇದಕ್ಕೆ ದೊಡ್ಡ ಕಾರಣವೆಂದು ಅವರ ಮತ. ಈ ಸಂಗತಿ ತಿಳಿದದ್ದು ಯಾವ ದೊಡ್ಡ ಯಂತ್ರದಿಂದಲೂ ಅಲ್ಲ. ಆಟಕ್ಕೆ ಬಂದವರು ಸಂಜೆ ಕೂತು ಬರೆದಿಟ್ಟ ವಹಿಗಳಿಂದ.

ಇದನ್ನು ಬಳಗದಲ್ಲಿ ಓದಿ ಹೇಳಿದಾಗ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರ ನಮ್ಮ ನೂರು ಗಿಡಾ ಊರಾಗs ಹಚ್ಚೋಣು. ಮಂದಿಗೆ ನೆಳ್ಳು ಬೇಕಾದದ್ದು ಇಲ್ಲೆ," ಎಂದರು. ಹಾಗೆಯೇ ಆಯಿತು. ಬೇವು, ಹೊಂಗೆ, ಹುಣಸೆಗಳನ್ನು ನಮ್ಮ ವಸತಿಗಳ ರಸ್ತೆಗಳಲ್ಲಿ, ಎರಡು ಶಾಲೆಗಳ ಅಂಗಳದಲ್ಲಿ ಹಚ್ಚಿದೆವು. ಎಂಟು ಹತ್ತು ಆಡಿನ ಬಾಯಿಗೆ ಹೋದವು. ಉಳಿದವಕ್ಕೆ ಮನೆಗೊಂದರಂತೆ ನೀರಿನ ಪಾಳಿ. ಸುಪೆಯಲ್ಲಿ ಮಾಡುವದು ಎಣಿಕೆ ಮಾತ್ರ: ಋತುವಿಗೊಮ್ಮೆ, ಅದೇ ದಾರಿ, ಅದೇ ಎರಡು ತಾಸು, ಕಂಡದ್ದನ್ನು ಬರೆಯುವದು. ಕಾಣದ ದಿನ 'ಏನೂ ಇಲ್ಲ' ಎಂದು ಬರೆಯುವದೂ ಕಡ್ಡಾಯ. ಮಕ್ಕಳಿಗೆ ಇದು ಒಗ್ಗಲು ತುಸು ದಿನ ಹಿಡಿಯಿತು.

ಭಿಗವಣದ ವಿಷಯ ಬೇರೆ. ಸೋಲಾಪುರದ ಗಾಡಿ ಹಿಡಿದರೆ ಅದು ಅರ್ಧ ತಾಸಿನ ಆಸುಪಾಸಿನ ದಾರಿ. ಭೀಮೆಗೆ ಕಟ್ಟಿದ ಉಜನಿ ಆಣೆಕಟ್ಟು 1980ರಲ್ಲಿ ಮುಗಿದು, ಅದರ ಹಿನ್ನೀರು ಇಲ್ಲಿಯವರೆಗೆ ಹಬ್ಬಿತು. ಊರುಗಳು ಮುಳುಗಿದವು, ಹಕ್ಕಿಗಳು ಬಂದವು. ಚಳಿಗಾಲಕ್ಕೆ ರಾಜಹಂಸಗಳ ಹಿಂಡು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವವೂ ಇವೇ. ಕುಂಭಾರಗಾಂವದ ಮೀನುಗಾರರು ಈಗ ಹಕ್ಕಿ ತೋರಿಸುವ ಮಾರ್ಗದರ್ಶಕರಾಗಿದ್ದಾರೆ; ಹಕ್ಕಿ ಉಳಿದರೆ ಅವರ ಒಲೆ ಉರಿಯುವದು. ಕೆಡಿಸುವವರು ನಮ್ಮಂಥ ಪ್ರವಾಸಿಗಳು. "ಹತ್ತಿರ ಹೋಗು, ಹಾರಿಸು, ಫೋಟೋ ಬೇಕು" ಎಂದು ಹೆಚ್ಚಿನ ದುಡ್ಡು ಕೊಡುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ರಾಜಹಂಸ ಕೊಕ್ಕನ್ನು ತಲೆಕೆಳಗು ಮಾಡಿ ಕೆಸರುನೀರನ್ನು ಸೋಸಿ ಸೋಸಿ ತಿನ್ನುವ ಹಕ್ಕಿ. ಗಳಿಗೆಗೊಮ್ಮೆ ಎಬ್ಬಿಸಿದರೆ ಅದು ಹೊಟ್ಟೆ ತುಂಬಿಸಿಕೊಳ್ಳುವದು ಯಾವಾಗ? ದೋಣಿ ಹತ್ತುವ ಮೊದಲೇ ನಾವು ನಾವಿಕನಿಗೆ ಹೇಳಿಬಿಡುವೆವು: "ದಾದಾ, ದೂರ ನಿಲ್ಲಿಸು. ಹಕ್ಕಿ ಹಾರದಿದ್ದರೇ ನಿನಗೆ ಚಹಾದ ದುಡ್ಡು." ಮೊದಲ ಸಲ ಅವನು ನಕ್ಕ. ಈಗ ತಾನೇ ಯಂತ್ರ ಬಂದು ಮಾಡಿ ಗಳು ಹಾಕುವನು.

ನೀರಿನ ಹಸಿರು ಬಣ್ಣ ಮಾತ್ರ ನಮ್ಮ ಕೈಮೀರಿದ್ದು. ಪುಣೆ, ಪಿಂಪ್ರಿ-ಚಿಂಚವಡಗಳ ಹೊಲಸು ಮುಳಾ-ಮುಠೆಯಲ್ಲಿ ಬಂದು ದೌಂಡಕ್ಕಿಂತ ಮೇಲೆಯೇ ಭೀಮೆಗೆ ಕೂಡುವದು. ಇದೇ ನೀರು ಮುಂದೆ ಗಾಣಗಾಪುರದ ಸಂಗಮಕ್ಕೆ ಹೋಗುವದು. ಅಲ್ಲಿ ನಮ್ಮ ಅಕ್ಕತಂಗಿಯರು ಅದರಲ್ಲಿ ಮುಳುಗಿ ಏಳುವರು. ಈ ಬಗ್ಗೆ ಪುಣೆಯ ಕನ್ನಡ ಬಂಧುಗಳು ತಮ್ಮ ವಾರ್ಡುಗಳಲ್ಲಿ ಕೇಳಬೇಕಾದ ಪ್ರಶ್ನೆ ಬಹಳ ಇವೆ.

ಮುಂದಿನ ಎಣಿಕೆ ದೀಪಾವಳಿಯಾದ ಎರಡನೆಯ ರವಿವಾರ, ಸುಪೆಯಲ್ಲಿ. ಪುಣೆಯಿಂದ ಬರುವವರು ಹಿಂದಿನ ರಾತ್ರಿಯೇ ಬಂದರೆ ಯಾರ ಮನೆಯಲ್ಲಿಯಾದರೂ ಹಾಸಿಗೆ ಉಂಟು. ಬೆಳಿಗ್ಗೆ 5-30ಕ್ಕೆ ಸ್ಟೇಶನ್ನಿನ ಎದುರು ಕೂಡಬೇಕು. ಬಿಳಿ, ಕೆಂಪು ಬಟ್ಟೆ ಬೇಡ. ಟೊಪ್ಪಿಗೆ, ನೀರು ಮರೆಯಬಾರದು. ಕುಸಳಿ ಹತ್ತದಂತೆ ಗಟ್ಟಿ ಬೂಟು ಹಾಕಿಕೊಳ್ಳಿರಿ. ಹಳೆಯ ವಹಿ ತುಂಬಿದೆ. ಹೊಸದನ್ನು ಕಾಕಾ ತರುವರು.