ಕುತ್ತಿಗೆಯ ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆ: ಮುಂಚಿನ ಸಿದ್ಧತೆ, ಆಮೇಲಿನ ಆರೈಕೆ



ಹೊಲದ ಗೊಬ್ಬರದಿಂದ ಹಿಡಿದು ದನದ ಮೇವಿನವರೆಗೆ ಹಳ್ಳಿಯಲ್ಲಿ ಎಷ್ಟೋ ಭಾರ ತಲೆಯ ಮೇಲೆಯೇ ಸಾಗುತ್ತದೆ. ಸಿಂಬೆ ಇಟ್ಟು ಹುಲ್ಲಿನ ಹೊರೆ ಹೊತ್ತವರಿಗೆ ಕುತ್ತಿಗೆ ನೋವು ಹೊಸದೇನಲ್ಲ. ಎಣ್ಣೆ ಹಚ್ಚಿ, ಬಿಸಿನೀರು ಹುಯ್ದುಕೊಂಡು, ಮಾರನೆಯ ದಿನ ಮತ್ತೆ ಕೆಲಸಕ್ಕೆ ಹೋಗುತ್ತೇವೆ. ಹೆಚ್ಚಿನವರ ನೋವು ಅಷ್ಟರಲ್ಲೇ ವಾಸಿಯಾಗುವುದೂ ನಿಜ. ಆದರೆ ಹಾಗೆ ವಾಸಿಯಾಗದ ತೊಂದರೆಯೂ ಒಂದುಂಟು. ಅದನ್ನು ಗುರುತಿಸುವುದು ಹೇಗೆ, ಶಸ್ತ್ರಚಿಕಿತ್ಸೆ ಬೇಕಾದರೆ ಮೊದಲು ಏನೇನು ಮಾಡಿಕೊಳ್ಳಬೇಕು, ಆಮೇಲೆ ಹೇಗಿರಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ. ಕೃಷಿ ಡಿಪ್ಲೊಮಾ ಮಾಡಿದ ಗ್ರಾಮಸೇವಕ. ನಮ್ಮ ದೊಡ್ಡಪ್ಪನವರಿಗೆ ಈ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯಲ್ಲೂ ಮನೆಯಲ್ಲೂ ಜೊತೆಗಿದ್ದೆ. ಅವರಿಗೆ ಮೊದಲು ಕಾಣಿಸಿಕೊಂಡದ್ದು ನೋವಲ್ಲ, ಅಂಗಿಯ ಗುಂಡಿ ಹಾಕಲು ಬೆರಳು ಬಾರದೆ ಹೋದದ್ದು. ಕೂರಿಗೆಯ ಬಟ್ಟಲಿಗೆ ಹದವಾಗಿ ಬೀಜ ಬಿಡುವುದರಲ್ಲಿ ಊರಿಗೇ ಹೆಸರಾದ ಕೈ ಅವರದು. ಆ ವರ್ಷ ರಾಗಿ ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ಬರಿದಾಗಿ ಹುಟ್ಟಿತು. “ವಯಸ್ಸಾಯ್ತು ಕಣಪ್ಪ” ಎಂದು ಸುಮ್ಮನಾದರು. ಎಣ್ಣೆ, ಪಟ್ಟು, ನೆಟಿಕೆ ತೆಗೆಸುವುದು ಎಂದು ಎಂಟು ತಿಂಗಳು ಕಳೆದುಹೋಯಿತು. ಹೊಲದ ಬದುವಿನ ಮೇಲೆ ಕಾಲು ತಡವರಿಸಿ ಬಿದ್ದ ದಿನ ಆಸ್ಪತ್ರೆಗೆ ಹೋದೆವು.

ಕುತ್ತಿಗೆಯೊಳಗೆ ಏನಿದೆ?

ಕುತ್ತಿಗೆಯಲ್ಲಿ ಒಂದರ ಮೇಲೊಂದು ಕೂತ 7 ಮೂಳೆಯ ಮಣಿಗಳಿವೆ. ಮೇಲಿನ ಎರಡರ ನಡುವೆ ಬಿಟ್ಟರೆ, ಮಿಕ್ಕ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಮಣಿಗಳ ಹಿಂದಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಅದರಿಂದ ಕವಲೊಡೆದ ನರಗಳು ತೋಳಿಗೂ ಬೆರಳಿಗೂ ಹೋಗುತ್ತವೆ. ವಯಸ್ಸಾದಂತೆ ಮೆತ್ತೆ ಸವೆಯುತ್ತದೆ, ಉಬ್ಬುತ್ತದೆ; ಮೂಳೆಯ ಅಂಚು ಬೆಳೆದು ಒಳಕ್ಕೆ ಒತ್ತುತ್ತದೆ.

ನಾಲೆಯ ನೀರಿಗೆ ಇದನ್ನು ಹೋಲಿಸಬಹುದು. ಒಂದು ತೂಬಿಗೆ ಕಸ ಕಟ್ಟಿದರೆ ಒಂದು ಗದ್ದೆಗೆ ನೀರಿಲ್ಲ. ನಾಲೆಗೇ ಕಟ್ಟಿದರೆ ಕೆಳಗಿನ ಬಯಲಿಗೆಲ್ಲ ನೀರಿಲ್ಲ. ಹಾಗೆಯೇ ಒಂದು ನರ ಅದುಮಿದರೆ ಆ ಒಂದು ತೋಳಿನಲ್ಲಿ ಸೆಳೆತ, ಜೋಮು. ಬೆನ್ನುಹುರಿಯೇ ಅದುಮಿದರೆ ಕೈ, ಕಾಲು, ಮೂತ್ರದ ಹಿಡಿತ ಎಲ್ಲಕ್ಕೂ ತೊಂದರೆ. ಎರಡನೆಯದರಲ್ಲಿ ನೋವು ಕಡಿಮೆ ಇರಬಹುದು. ಆದಕಾರಣವೇ ಜನ ಮೋಸಹೋಗುತ್ತಾರೆ.

ಯಾರು ತಡಮಾಡಬಾರದು?

ಕುತ್ತಿಗೆ ನೋವು ಬಂದವರೆಲ್ಲ ಆಪರೇಷನ್ ಮಾಡಿಸಿಕೊಳ್ಳಬೇಕಾಗಿಲ್ಲ. ಒಂದು ನರ ಅದುಮಿ ತೋಳು ಸೆಳೆಯುವವರಲ್ಲಿಯೂ ಬಹುಪಾಲು ಮಂದಿಗೆ ಔಷಧಿ, ವ್ಯಾಯಾಮ, ಭಾರ ಬಿಡುವುದು ಇಷ್ಟರಿಂದಲೇ ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ. ಆದರೆ ಕೆಳಗಿನ ಚಿಹ್ನೆಗಳಲ್ಲಿ ಯಾವುದಾದರೂ ಇದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

1. ಗುಂಡಿ ಹಾಕಲು, ಕಾಳು ಹೆಕ್ಕಲು, ಹಗ್ಗದ ಗಂಟು ಬಿಚ್ಚಲು ಬೆರಳು ಬಾರದಿರುವುದು.
2. ಕೈಯಲ್ಲಿದ್ದ ಲೋಟ, ಕುಡುಗೋಲು ತಾನೇ ಜಾರಿ ಬೀಳುವುದು.
3. ಕಾಲು ಬಿಗಿದಂತಾಗಿ, ಬದುವಿನ ಮೇಲೆ ಅಥವಾ ಕತ್ತಲಲ್ಲಿ ನಡಿಗೆ ತಪ್ಪುವುದು.
4. ತೋಳಿನ ಶಕ್ತಿ ದಿನೇ ದಿನೇ ಕುಂದುವುದು.
5. ಮೂತ್ರ, ಮಲದ ಹಿಡಿತ ತಪ್ಪುವುದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಉಂಟು. ಅಂಗೈ ಕೆಳಗೆ ಮಾಡಿ, ಮುಷ್ಟಿಯನ್ನು ಪೂರ್ತಿ ಬಿಗಿದು ಪೂರ್ತಿ ಬಿಚ್ಚಿ. ಆರೋಗ್ಯವಂತರು 10 ಸೆಕೆಂಡಿನಲ್ಲಿ ಸುಮಾರು 20 ಸಲ ಮಾಡಬಲ್ಲರು. ಅದಕ್ಕಿಂತ ಬಹಳ ಕಡಿಮೆಯಾದರೆ ತೋರಿಸಿಕೊಳ್ಳುವುದು ಒಳ್ಳೆಯದು. ಎಮ್‌ಆರ್‌ಐ ಎಂಬ ಚಿತ್ರದಲ್ಲಿ ಎಲ್ಲಿ ಎಷ್ಟು ಅದುಮಿದೆ ಎಂಬುದು ಕಾಣುತ್ತದೆ.

ಒಂದು ಎಚ್ಚರಿಕೆ: ಇಂತಹ ಚಿಹ್ನೆ ಇದ್ದವರ ಕುತ್ತಿಗೆಯನ್ನು ತಿರುಚಿ ನೆಟಿಕೆ ತೆಗೆಸಲೇಬಾರದು. ಮೊದಲೇ ಅದುಮಿರುವ ಬೆನ್ನುಹುರಿಗೆ ಅದರಿಂದ ಹೆಚ್ಚಿನ ಪೆಟ್ಟಾಗಬಹುದು.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಹೆಚ್ಚಾಗಿ ಕುತ್ತಿಗೆಯ ಮುಂಭಾಗದಿಂದಲೇ ಮಾಡುತ್ತಾರೆ. ಈ ವಿಧಾನವನ್ನು 1950ರ ದಶಕದಲ್ಲಿ ಅಮೆರಿಕದ ರಾಬಿನ್ಸನ್ ಮತ್ತು ಸ್ಮಿತ್ ಎಂಬ ವೈದ್ಯರು ರೂಪಿಸಿದರು. 1958ರಲ್ಲಿ ಕ್ಲೋವರ್ಡ್ ಎಂಬ ಇನ್ನೊಬ್ಬ ವೈದ್ಯರೂ ಇಂತಹದೇ ವಿಧಾನವನ್ನು ಪ್ರಕಟಿಸಿದರು. ಚರ್ಮವನ್ನು ಎರಡು ಮೂರು ಬೆರಳಿನಷ್ಟು ಅಗಲ ಕೊಯ್ದು, ಶ್ವಾಸನಾಳ ಅನ್ನನಾಳಗಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಕೆಟ್ಟ ಮೆತ್ತೆಯನ್ನೂ ಒತ್ತುತ್ತಿರುವ ಮೂಳೆಯ ಅಂಚನ್ನೂ ತೆಗೆಯುತ್ತಾರೆ. ಖಾಲಿಯಾದ ಸ್ಥಳದಲ್ಲಿ ಮೂಳೆಯ ತುಂಡನ್ನೋ, ಮೂಳೆಯ ಪುಡಿ ತುಂಬಿದ ಪುಟ್ಟ ಗೂಡನ್ನೋ ಇಡುತ್ತಾರೆ. ಮೇಲೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯುವುದೂ ಉಂಟು. ಕೆಲವರಿಗೆ ಹಿಂಭಾಗದಿಂದ ಮಾಡಬೇಕಾಗುತ್ತದೆ.

ಇಲ್ಲಿ ರೈತರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಒಂದಿದೆ. ಮಾವಿಗೆ ಕಸಿ ಕಟ್ಟುವಾಗ ಎರಡು ಕಡ್ಡಿಗಳನ್ನು ಸೇರಿಸಿ ಪಟ್ಟಿ ಸುತ್ತುತ್ತೇವೆ. ಪಟ್ಟಿ ಕಸಿಯನ್ನು ಕೂಡಿಸುವುದಿಲ್ಲ, ಅಲುಗದಂತೆ ಹಿಡಿದಿರುತ್ತದೆ ಅಷ್ಟೆ. ಕೂಡಿಕೊಳ್ಳುವುದು ಗಿಡದ ಕೆಲಸ. ಕಟ್ಟಿದ ವಾರದಲ್ಲೇ ಅಲ್ಲಾಡಿಸಿದರೆ ಕಸಿ ಹಿಡಿಯದು. ಇದೂ ಅಂತೆಯೇ. ವೈದ್ಯರ ಪಟ್ಟಿ, ಸ್ಕ್ರೂ ಹಿಡಿದಿರುತ್ತವೆ. ಎರಡು ಮಣಿಗಳ ನಡುವೆ ಹೊಸ ಮೂಳೆ ಬೆಳೆದು ಒಂದಾಗುವುದಕ್ಕೆ ಮೂರರಿಂದ ಆರು ತಿಂಗಳು, ಕೆಲವರಲ್ಲಿ ಒಂದು ವರ್ಷವೇ ಹಿಡಿಯುತ್ತದೆ. ಹೊರಗಿನ ಗಾಯ ಹತ್ತು ಹದಿನೈದು ದಿನಗಳಲ್ಲಿ ಮಾಯ್ದದ್ದನ್ನು ಕಂಡು ಒಳಗೂ ಮಾಯ್ದಿದೆಯೆಂದು ತಿಳಿಯುವುದೇ ದೊಡ್ಡ ತಪ್ಪು.

ಒಂದು ಕಡೆ ಮಾತ್ರ ಕೂಡಿಸಿದರೆ ಕುತ್ತಿಗೆ ತಿರುಗುವುದರಲ್ಲಿ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಎರಡು ಮೂರು ಕಡೆ ಕೂಡಿಸಿದರೆ ಸ್ವಲ್ಪ ಬಿಗಿ ಉಳಿಯುತ್ತದೆ.

ಮುಂಚಿನ ಸಿದ್ಧತೆ

1. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ ಎಲ್ಲವನ್ನೂ ಕಡೇಪಕ್ಷ ನಾಲ್ಕರಿಂದ ಆರು ವಾರ ಮುಂಚೆ ಬಿಡಬೇಕು. ಮೂಳೆ ಕೂಡುವವರೆಗೆ ಮುಟ್ಟಬಾರದು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ರಕ್ತ ಸಾಲದ ಕಡೆ ಹೊಸ ಮೂಳೆ ಬೆಳೆಯುವುದಿಲ್ಲ.

2. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಅವನ್ನು ಹತೋಟಿಗೆ ತಂದುಕೊಳ್ಳಬೇಕು. ಸಕ್ಕರೆ ಹೆಚ್ಚಿದ್ದರೆ ಗಾಯ ಕೀವಾಗುವ ಭಯವುಂಟು.

3. ನೀವು ನುಂಗುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ವೈದ್ಯರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಎಂದು ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಹುಳುಕು ಹಲ್ಲು, ಕೀವುಗುಳ್ಳೆ, ಜ್ವರ ಇದ್ದರೂ ತಿಳಿಸಿ.

4. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆಯಿಸಿ. ದಿನಬಳಕೆಯ ಸಾಮಾನನ್ನು ಅಟ್ಟದ ಮೇಲೂ ಬೇಡ, ನೆಲದ ಮೇಲೂ ಬೇಡ, ಸೊಂಟದ ಎತ್ತರಕ್ಕೆ ಇಡಿ. ಕೈಯಿರುವ ಒಂದು ಕುರ್ಚಿ, ಮುಂದೆ ಗುಂಡಿಯಿರುವ ಸಡಿಲ ಅಂಗಿ ಸಿದ್ಧವಿರಲಿ.

5. ಹಾಲು ಕರೆಯುವವರು ಯಾರು, ಕೊಟ್ಟಿಗೆ ಬಳಿಯುವವರು ಯಾರು, ಉಳುಮೆಗೆ ಯಾರು ಎಂಬುದನ್ನು ಮೂರು ತಿಂಗಳ ಮಟ್ಟಿಗೆ ಮೊದಲೇ ಗೊತ್ತುಮಾಡಿ. ಬಂಧುಗಳೊಡನೆ ಮುಯ್ಯಾಳು ಮಾತಾಡಿಕೊಳ್ಳಿ. ಈ ಏರ್ಪಾಡಿಲ್ಲದೆ ಬಂದವರೇ ಮೂರನೆಯ ವಾರಕ್ಕೆ ತಡೆಯಲಾರದೆ ಕೊಟ್ಟಿಗೆಗೆ ಇಳಿಯುತ್ತಾರೆ.

ತುರ್ತಿಲ್ಲದಿದ್ದರೆ ಸುಗ್ಗಿ ಮುಗಿಸಿ ದಿನ ಗೊತ್ತುಮಾಡಬಹುದೇ ಎಂದು ವೈದ್ಯರನ್ನು ಕೇಳಬಹುದು. ಬೆನ್ನುಹುರಿ ಅದುಮಿದೆಯೆಂದು ಅವರು ಹೇಳಿದರೆ ಸುಗ್ಗಿಗೂ ಕಾಯಬೇಡಿ, ಮದುವೆಗೂ ಕಾಯಬೇಡಿ.

ಖರ್ಚಿನ ವಿಷಯದಲ್ಲಿ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ನಿಮ್ಮ ಚಿಕಿತ್ಸೆ ಅದರಲ್ಲಿ ಸೇರಿದೆಯೇ, ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿ. ಸಾಲ ಮಾಡುವ ಮುನ್ನವೇ ಈ ಕೆಲಸವಾಗಬೇಕು.

ಆಸ್ಪತ್ರೆಯಲ್ಲಿ

ಎಷ್ಟು ಹೊತ್ತಿನಿಂದ ಊಟ, ನೀರು ಬಿಡಬೇಕೆಂದು ಹೇಳುತ್ತಾರೆ. ಪ್ರೀತಿಯಿಂದ ಯಾರೂ ಗುಟ್ಟಾಗಿ ಕಾಫಿ ಕೊಡಬಾರದು. ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ಅದೇ ದಿನ ಅಥವಾ ಮಾರನೆಯ ದಿನವೇ ಎಬ್ಬಿಸಿ ನಡೆಸುತ್ತಾರೆ. ಹೆದರಬೇಕಾಗಿಲ್ಲ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ. ಗಂಟಲು ನೋವು, ಸ್ವರ ಒಡೆಯುವುದು, ನುಂಗಲು ಕಷ್ಟ ಕೆಲವು ದಿನದಿಂದ ಕೆಲವು ವಾರ ಇರಬಹುದು. ಮುದ್ದೆಯನ್ನು ಅಗಿಯದೆ ನುಂಗುವ ನಾವು ಇದನ್ನು ನೆನಪಿಡಬೇಕು. ಅಷ್ಟು ದಿನ ರಾಗಿ ಗಂಜಿ, ಮೆತ್ತನೆಯ ಅನ್ನ, ಬೇಳೆಕಟ್ಟು, ಮೊಸರು ಸಾಕು. ಊಟಕ್ಕೆ ನೆಟ್ಟಗೆ ಕೂತು ತುತ್ತನ್ನು ಚಿಕ್ಕದು ಮಾಡಿ. ತೋಳಿನ ಸೆಳೆತ ಬೇಗ ಇಳಿಯುವುದುಂಟು, ಜೋಮು ನಿಧಾನ.

ಮನೆಗೆ ಬಂದ ಮೇಲೆ

ಮೊದಲ ಆರು ವಾರ: ಎರಡು ಮೂರು ಕಿಲೋಗಿಂತ ಹೆಚ್ಚು ಎತ್ತಬಾರದು. ತುಂಬಿದ ಒಂದು ಬಿಂದಿಗೆ ಅದರ ಮೂರು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮರೆಯಬೇಡಿ. ತಲೆಯ ಮೇಲೆ ಏನೂ ಬೇಡ. ಬೈಕು, ಟ್ರ್ಯಾಕ್ಟರು, ಗಾಡಿಯ ಕುಲುಕು ಬೇಡ. ದಿನವೂ ನಡೆಯಿರಿ, ಇಂದು ಮನೆಯ ಮುಂದೆ, ನಾಳೆ ಗುಡಿಯವರೆಗೆ. ಪಟ್ಟಿ ಕೊಟ್ಟಿದ್ದರೆ ಹೇಳಿದಷ್ಟು ದಿನ ಕಟ್ಟಿ. ಎಲ್ಲರಿಗೂ ಪಟ್ಟಿ ಬೇಕಾಗುವುದಿಲ್ಲ. ಅಂಗಡಿಯ ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ಕೆಲವು ಮಾತ್ರೆಗಳು ಮೂಳೆ ಕೂಡುವುದಕ್ಕೆ ಅಡ್ಡಿಯಾಗಬಹುದೆಂದು ವೈದ್ಯರು ಬೇಡವೆನ್ನುತ್ತಾರೆ.

ಆರು ವಾರದಿಂದ ಮೂರು ತಿಂಗಳು: ವೈದ್ಯರು ಎಕ್ಸ್‌ರೇ ನೋಡಿ ಒಪ್ಪಿದ ಮೇಲೆ ಹಗುರ ಕೆಲಸ, ಹೇಳಿಕೊಟ್ಟ ವ್ಯಾಯಾಮ. ಗುದ್ದಲಿ, ಮಚ್ಚು, ನೇಗಿಲು ಇನ್ನೂ ಬೇಡ.

ಆಮೇಲೆ: ಭಾರದ ಕೆಲಸ ಯಾವಾಗ ಎಂಬುದನ್ನು ಎಕ್ಸ್‌ರೇ ಹೇಳಬೇಕು, ಪಂಚಾಂಗವಲ್ಲ. ಎಲ್ಲ ಸರಿಯಾದ ಮೇಲೂ ತಲೆಹೊರೆ ಬಿಟ್ಟು ತಳ್ಳುಗಾಡಿ ಬಳಸುವುದೇ ಲೇಸು.

ನಮ್ಮ ಮನೆಯಲ್ಲಾದ ತಪ್ಪನ್ನು ಇಲ್ಲಿ ಹೇಳಬೇಕು. ದೊಡ್ಡಪ್ಪ ಆಪರೇಷನ್ನಿಗೆ ಮುಂಚೆ ಬೀಡಿ ಬಿಟ್ಟಿದ್ದರು. ಎರಡನೆಯ ತಿಂಗಳಲ್ಲಿ, ಕೂತೂ ಕೂತೂ ಬೇಸರವಾಗಿ, “ಒಂದೇ ಒಂದು ಕಟ್ಟು ತಂದುಕೊಡೋ” ಎಂದು ಕೇಳಿದರು. ಅಷ್ಟು ನೋವು ತಿಂದವರಿಗೆ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ತಂದುಕೊಟ್ಟವನು ನಾನೇ. ಒಂದು ಕಟ್ಟು ದಿನಕ್ಕೊಂದಾಯಿತು. ಮೂರು ತಿಂಗಳ ಎಕ್ಸ್‌ರೇಯಲ್ಲಿ ಮಣಿಗಳ ನಡುವೆ ಮೂಳೆಯ ಗುರುತೇ ಸರಿಯಾಗಿ ಕಾಣಲಿಲ್ಲ. “ಬೀಡಿ ಸೇದುತ್ತೀರಾ?” ಎಂಬುದೇ ವೈದ್ಯರು ಕೇಳಿದ ಮೊದಲ ಪ್ರಶ್ನೆ. ಹೀಗೇ ಆದರೆ ಮತ್ತೊಮ್ಮೆ ಕೊಯ್ಯಬೇಕಾದೀತು ಎಂದರು. ಅಂದೇ ಬಿಟ್ಟರು. ಹತ್ತನೆಯ ತಿಂಗಳ ಎಕ್ಸ್‌ರೇಯಲ್ಲಿ ಮೂಳೆ ಕೂಡಿರುವುದು ಕಂಡಿತು. ರೋಗಿಯ ಮೇಲಿನ ಪ್ರೀತಿಯನ್ನು ಬೀಡಿಯಲ್ಲಿ ತೋರಿಸಬಾರದೆಂದು ನಾನು ಕಲಿತೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

1. ಕುತ್ತಿಗೆ ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ. ಮೊದಲ ಒಂದೆರಡು ದಿನ ಈ ಭಯ ಹೆಚ್ಚು. ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ.
2. ನೀರು, ಎಂಜಲು ಸಹ ನುಂಗಲಾಗದಿದ್ದರೆ.
3. ಜ್ವರ ಬಂದರೆ, ಗಾಯ ಕೆಂಪಾಗಿ ಕೀವು, ನೀರು ಒಸರಿದರೆ.
4. ಕೈಕಾಲಿನಲ್ಲಿ ಹೊಸದಾಗಿ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ.
5. ಒಂದು ಮೀನಖಂಡ ಊದಿ ನೋಯತೊಡಗಿದರೆ, ಅಥವಾ ಎದೆನೋವಿನೊಡನೆ ಏದುಸಿರು ಬಂದರೆ.

ಕೊನೆಯ ಮಾತು

ದೊಡ್ಡಪ್ಪ ಈಗ ಬದುವಿನ ಮೇಲೆ ತಾವಾಗಿ ನಡೆಯುತ್ತಾರೆ. ತೋಳಿನ ಸೆಳೆತ ಹೋಗಿದೆ. ಬೆರಳ ತುದಿಯ ಜೋಮು ಮಾತ್ರ ಉಳಿಯಿತು. ಬೆನ್ನುಹುರಿ ಬಹಳ ಕಾಲ ಅದುಮಿದ್ದರೆ, ಶಸ್ತ್ರಚಿಕಿತ್ಸೆ ಮುಂದಿನ ಕೇಡನ್ನು ತಡೆಯುತ್ತದೆಯೇ ಹೊರತು ಹೋದದ್ದನ್ನೆಲ್ಲ ತಂದುಕೊಡಲಾರದೆಂದು ವೈದ್ಯರು ಮೊದಲೇ ಹೇಳಿದ್ದರು. ಈ ವರ್ಷದ ಬಿತ್ತನೆಯಲ್ಲಿ ಕೂರಿಗೆಗೆ ಬೀಜ ಬಿಟ್ಟವರು ದೊಡ್ಡಮ್ಮ. ದೊಡ್ಡಪ್ಪ ಪಕ್ಕದಲ್ಲಿ ನಡೆಯುತ್ತಾ, “ಇಲ್ಲಿ ತೆಳುವಾಯ್ತು, ಇಲ್ಲಿ ಸರಿ” ಎಂದು ಹೇಳುತ್ತಿದ್ದರು. ಆ ಎಂಟು ತಿಂಗಳು ಕಳೆಯದಿದ್ದರೆ ಆ ಕೈ ಉಳಿಯುತ್ತಿತ್ತೋ ಏನೋ.

ಆದಕಾರಣ ಬಾಂಧವರೇ, ಈ ಸಂಜೆ ಮನೆಯ ಹಿರಿಯರಿಗೆ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳಲು ಹೇಳಿ ನೋಡಿ. ಮುಷ್ಟಿ ಬಿಗಿದು ಬಿಚ್ಚಲು ಹೇಳಿ, ಎಣಿಸಿ. ಸಂದೇಹ ಕಂಡರೆ ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ವಯಸ್ಸಾಯಿತೆಂದು ಸುಮ್ಮನಿರಬೇಡಿ.

— ಗ್ರಾಮಸೇವಕ