ಗುಡ್ಡದಿಂದ ಇಳಿದು ಬಂದ ವಿಷ

ಗೇರು ಮರ ಚಿಗುರಿ ಹೂ ಬಿಡುವ ಹೊತ್ತಿಗೆ ಅದರ ರಸ ಹೀರಲು ಟೀ ಸೊಳ್ಳೆ ಬರುತ್ತದೆ. ಹೆಸರು ಸೊಳ್ಳೆಯಾದರೂ ಇದು ತಿಗಣೆಯ ಬಳಗದ್ದು. ಚುಚ್ಚಿದ ಚಿಗುರು, ಹೂಗೊಂಚಲು ಕರಕಾಗುತ್ತವೆ. ಈ ಪುಟ್ಟ ಕೀಟವನ್ನು ಕೊಲ್ಲಲೆಂದು ಕಾಸರಗೋಡು ಜಿಲ್ಲೆಯಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನವು. ಕೆಳಗಿದ್ದವರು ಕನ್ನಡ, ತುಳು, ಮಲಯಾಳ ಆಡುವ ರೈತರು, ಕೂಲಿಯವರು.

ಅಲ್ಲಿನ ನೆಲವನ್ನು ಕಂಡವರಿಗೆ ಮುಂದಿನದು ಸುಲಭವಾಗಿ ಅರ್ಥವಾದೀತು. ತೋಟ ಗುಡ್ಡದ ಮೇಲೆ, ಮನೆಗಳು ತಗ್ಗಿನಲ್ಲಿ. ಕುಡಿಯಲು ತೆರೆದ ಬಾವಿ, ಇಲ್ಲವೇ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಇಂಥ ಏರಿಳಿತದ ಜಾಗದಲ್ಲಿ ಹೆಲಿಕಾಪ್ಟರು ಮರದ ತಲೆಗೆ ಹತ್ತಿರ ಹಾರಲಾರದು. ಎತ್ತರದಿಂದ ಬಿಟ್ಟ ಹನಿ ಗಾಳಿ ಹೋದತ್ತ ಹೋಗುತ್ತದೆ. ಮಣ್ಣಿಗೆ ಬಿದ್ದದ್ದು ನೀರಿನಲ್ಲಿ ಅಷ್ಟಾಗಿ ಕರಗದೆ ಕಣಕಣಕ್ಕೂ ಅಂಟಿಕೊಂಡು, ಮಳೆ ಬಂದಾಗ ಕೆಸರಿನ ಜತೆ ತೋಡಿಗೆ ಇಳಿಯುತ್ತದೆ.

ಎಂಡೋಸಲ್ಫಾನ್ ಡಿಡಿಟಿಯಷ್ಟು ಹಠಮಾರಿಯಲ್ಲ, ಬೇಗ ಒಡೆದುಹೋಗುತ್ತದೆ ಎಂಬುದು ಅದರ ಪರವಾದ ವಾದ. ಅರ್ಧ ಮಾತ್ರ ನಿಜ. ಅದರಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪಗಳಿವೆ. ಬೀಟಾ ಹೆಚ್ಚು ಕಾಲ ಉಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಇವೆರಡನ್ನೂ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಿಸುತ್ತವೆ. ಅದೂ ವಿಷವೇ, ಆಯುಸ್ಸು ಇನ್ನೂ ಜಾಸ್ತಿ. ಪ್ರಯೋಗಾಲಯದಲ್ಲಿ ಮೊದಲ ಎರಡನ್ನಷ್ಟೇ ಹುಡುಕಿದರೆ ವಿಷ ಮಾಯವಾಯಿತೆಂದೇ ಕಂಡೀತು! ಯಾರೂ ಸಿಂಪಡಿಸದ ಉತ್ತರ ಧ್ರುವ ಪ್ರದೇಶದಲ್ಲೂ ಇದು ಸಿಕ್ಕಿದೆ.

ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವಿಕಲತೆ ಒಂದೇ ಊರಿನಲ್ಲಿ ಇಷ್ಟೊಂದು ಏಕೆ ಎಂಬ ಪ್ರಶ್ನೆ ಕಾಡಿತು. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರೂ ಸಿಂಪಡಣೆಯ ವಿರುದ್ಧ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ತೋಟದ ಬುಡದ ಊರಿನ 117 ಶಾಲಾ ಹುಡುಗರನ್ನೂ ಸಿಂಪಡಣೆ ಕಾಣದ ಊರಿನ 90 ಮಂದಿಯನ್ನೂ ಪರೀಕ್ಷಿಸಿತು. ರಕ್ತದಲ್ಲಿ ನೂರು ಕೋಟಿ ಭಾಗಕ್ಕೆ ಸರಾಸರಿ 7.47 ಭಾಗ ಎಂಡೋಸಲ್ಫಾನ್ ಇಲ್ಲಿ, ಅಲ್ಲಿ 1.37. ಇಲ್ಲಿನ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ರಕ್ತ ತೆಗೆದದ್ದು ಕೊನೆಯ ಸಿಂಪಡಣೆಯಾಗಿ ಹತ್ತು ತಿಂಗಳ ಮೇಲೆ ಎಂಬುದನ್ನು ಗಮನಿಸಬೇಕು.

ವಿಷಕ್ಕೂ ಕಾಯಿಲೆಗೂ ನಂಟಿದೆಯೇ ಎಂಬ ವಾದ, ಸಮಿತಿಗಳು, ವರದಿಗಳು ಮುಂದೆ ವರ್ಷಗಟ್ಟಲೆ ನಡೆದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ ತಡೆಯಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು.

ಗಡಿಯ ಈಚೆಗೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಗೇರು ತೋಟಗಳ ಮೇಲೂ ಇದೇ ಮದ್ದು ಬಿದ್ದಿತ್ತು. ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು ವರ್ಷ. ಎತ್ತಿ ಕೂರಿಸಿ ತುತ್ತು ಉಣಿಸುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ.